ಪಾದೆಮನೆ ಯಜಮಾನ್ತಿಯ ಹೆಸರು

ಅಲ್ ಮುರಕ್ಕಬಾತ್, ದುಬೈ
20 ಜನವರಿ 2025

ಮಾನ್ಯ ವೆಂಕಟರಾಮಯ್ಯನವರಿಗೆ ನಮಸ್ಕಾರಗಳು.

ಬೆಳಗಿನ ಜಾವ ಮೂರು ಇಪ್ಪತ್ತು. ಕೆಳಗಿನ ಇರಾಕಿ ಹೋಟೆಲಿನವರು ಬೀದಿ ಬದಿಗೆ ಹಾಕಿದ್ದ ಕಬ್ಬಿಣದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದಿಗೆ ಎಚ್ಚರವಾಯಿತು. ನನಗೆ ಮಾತ್ರ. ಏಳು ದಿನದ ಮಗಳು ಮಿಸುಕಲೂ ಇಲ್ಲ. ಅವಳು ಅತ್ತರೆ ಯಾಕೆ ಅಳುತ್ತಾಳೆಂದು ಹೆದರಿಕೆ, ಅಳದಿದ್ದರೆ ಯಾಕೆ ಅಳುವುದಿಲ್ಲವೆಂದು ಹೆದರಿಕೆ. ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದೆ. ಉಸಿರುಂಟು. ಇನ್ನು ನಿದ್ದೆ ಬರುವುದಿಲ್ಲ, ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಅಶ್ಮಿತಾ. ಊರು ಕಾರ್ಕಳದ ಕಡೆ. ಮಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ಗಂಡ ತಿಲಕ್ ಜತೆ ಮೂರು ವರ್ಷದಿಂದ ಇಲ್ಲಿದ್ದೇನೆ. ಇಲ್ಲಿನ ಕನ್ನಡಿಗರ ವಾಟ್ಸ್ಆಪ್ ಗುಂಪಿನಲ್ಲಿ, "ನೆಲ್ಲಿಪದವು ಗ್ರಾಮದ ಹಳೆಯ ಜನಗಣತಿ ದಾಖಲೆ ಯಾರ ಹತ್ತಿರವಾದರೂ ಉಂಟಾ?" ಎಂದು ಕೇಳಿದ್ದೆ. ಸುಮಾರು ಜನ ನಗುವ ಮುಖ ಹಾಕಿದರು. ನಿಮ್ಮ ಮಗಳು ಕೋಕಿಲಾ ಮೇಡಂ ಒಬ್ಬರೇ ಉತ್ತರ ಬರೆದರು: "ನಮ್ಮ ತಾತ ನಂಜುಂಡಯ್ಯನವರು ಕೊಳ್ಳೇಗಾಲದಿಂದ ಆ ಊರಿಗೆ ಮೇಷ್ಟ್ರಾಗಿ ಹೋಗಿದ್ದರು. 1951ರಲ್ಲಿ ಅಲ್ಲಿ ಮನೆಮನೆ ಎಣಿಸಿದ್ದು ಅವರೇ. ಕರಡು ಪುಸ್ತಕ ನಮ್ಮಪ್ಪನ ಹತ್ತಿರ ಇದೆ." ಅದನ್ನು ಓದಿ, ಹೆರಿಗೆಯ ಹೊಲಿಗೆಯನ್ನೂ ಮರೆತು ಎದ್ದು ಕೂತೆ. ಬೆಂಗಳೂರಿನ ಗಣತಿ ಕಚೇರಿಗೆ ನಾನು ಮೊದಲೇ ಬರೆದಿದ್ದೆ. ಒಟ್ಟು ಲೆಕ್ಕ ಉಳಿದಿದೆ, ಮನೆಮನೆಯ ಚೀಟಿ ಉಳಿದಿಲ್ಲ ಎಂಬ ಉತ್ತರ ಬಂದಿತ್ತು.

ಇದೆಲ್ಲ ಯಾಕೆಂದು ಹೇಳುತ್ತೇನೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನಮ್ಮಲ್ಲಿ ಕುಟುಂಬದ ಬಳ್ಳಿ ಹಬ್ಬುವುದು ತಾಯಿಯಿಂದ ಮಗಳಿಗೆ. ಅಮ್ಮ ಚಾರ್ಟಿನ ಮೇಲೆ ನಾಲ್ಕು ಚೌಕ ಎಳೆದರು. ಕೆಳಗೆ ನಾನು. ಮೇಲೆ ಅಮ್ಮ, ಶರ್ಮಿಳಾ. ಅದರ ಮೇಲೆ ಅಮ್ಮನ ಅಮ್ಮ, ಸುಶೀಲ. ಅದರ ಮೇಲಿನ ಚೌಕ ಖಾಲಿ. ಸುಶೀಲಜ್ಜಿ ತೀರಿಹೋದಾಗ ಅಮ್ಮನಿಗೆ ಆರು ವರ್ಷ. ಸುಶೀಲಜ್ಜಿಯ ತಾಯಿಯನ್ನು ನೆಲ್ಲಿಪದವು ಊರೆಲ್ಲ "ಪಾದೆಮನೆ ಯಜಮಾನ್ತಿ" ಎಂದೇ ಕರೆಯುತ್ತಿದ್ದರಂತೆ. ಹೆಸರು ಹಿಡಿಯುವ ಧೈರ್ಯ ಯಾರಿಗೂ ಇರಲಿಲ್ಲವಂತೆ. ಹಾಗೆ ಯಾರೂ ಹಿಡಿಯದೆ ಹೆಸರೇ ಹೋಯಿತು. ಅಮ್ಮ ಆ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಹಾಕಿ, "ಎಲ್ಲಿಯಾದರೂ ಬರೆದಿಟ್ಟಿರ್ತಾರೆ ಮಗಾ, ನೀನು ದೊಡ್ಡವಳಾದ ಮೇಲೆ ಹುಡುಕು" ಎಂದರು. ಅಮ್ಮ ಹೋಗಿ ಎರಡು ವರ್ಷವಾಯಿತು.

ಈಗ ನನಗೆ ಹೆಣ್ಣು ಮಗು. ಅವಳಿಗೆ ಆ ಹೆಸರೇ ಇಡಬೇಕೆಂದು ಬಸಿರಾದ ದಿನದಿಂದ ನನ್ನ ಹಟ. ಜನನ ನೋಂದಣಿಗೆ ಆಸ್ಪತ್ರೆಯವರು ಹೇಳಿದ ಕೊನೆಯ ದಿನ ಫೆಬ್ರವರಿ ಹನ್ನೆರಡು. ಅಷ್ಟರೊಳಗೆ ಸಿಗದಿದ್ದರೆ ಅತ್ತೆಯವರು ಸಂಖ್ಯಾಶಾಸ್ತ್ರದವರಿಂದ ಬರೆಸಿಕೊಂಡು ಬಂದ "ಯಶ್ವಿ" ಎಂಬ ಹೆಸರು. ಕೆಟ್ಟ ಹೆಸರೇನಲ್ಲ. ಆದರೆ ನಮ್ಮ ಕಟ್ಟಡದಲ್ಲೇ ಇಬ್ಬರು ಯಶ್ವಿಗಳಿದ್ದಾರೆ.

ಮುತ್ತಜ್ಜನ ಹೆಸರು ಮಾತ್ರ ಗೊತ್ತುಂಟು. ಕೆಳಬೆಟ್ಟು ಮನೆಯ ಕಾಂತಣ್ಣ. ದಯವಿಟ್ಟು ಅವರ ಮನೆಯ ಪುಟ ನೋಡಿ, ಹೆಂಡತಿಯ ಹೆಸರು ತಿಳಿಸುತ್ತೀರಾ?

ವಿಧೇಯಳಾದ
ಅಶ್ಮಿತಾ


ಖಲೀಫಾ ಸಿಟಿ, ಅಬುಧಾಬಿ
23 ಜನವರಿ 2025

ಚಿ. ಸೌ. ಅಶ್ಮಿತಾಳಿಗೆ ವೆಂಕಟರಾಮಯ್ಯನ ಆಶೀರ್ವಾದಗಳು.

ನಿಮ್ಮ ಪತ್ರವನ್ನು ನನ್ನ ಮೊಮ್ಮಗಳು ಹಿತಾ ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೊಟ್ಟಳು. ನಾನು ಕಾಗದದ ಮೇಲೆ ಬರೆಯುವವನು. ಅದನ್ನು ಫೋಟೋ ಹಿಡಿದು ಕಳಿಸುವವಳು ಅವಳು. "ತಾತ, ಜಸ್ಟ್ ಕಾಲ್ ಹರ್" ಅಂತ ಗೊಣಗಿಕೊಂಡೇ ಕಳಿಸುತ್ತಾಳೆ. ಆಡಿದ ಮಾತು ಗಾಳಿಗೆ ಹೋಗುತ್ತೆ ಕಣೇ, ಬರೆದದ್ದು ನಿಲ್ಲುತ್ತೆ ಅಂತ ನಾನು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸವೆದವನ ಬುದ್ಧಿ.

ನಮ್ಮ ತಂದೆಯವರ ಪುಸ್ತಕ ಇರುವುದು ನಿಜ. ಕಳೆದ ವರ್ಷ ಮೈಸೂರಿನ ಮನೆ ಬಿಟ್ಟು ಮಗಳ ಜತೆ ಇರಲು ಇಲ್ಲಿಗೆ ಬರುವಾಗ ಎರಡು ಸೂಟ್‌ಕೇಸು ಮಾತ್ರ ಅಂದರು. ಸ್ವೆಟರು ಬಿಟ್ಟು ಇದನ್ನು ತಂದೆ. ಸರ್ಕಾರಕ್ಕೆ ಹೋದದ್ದು ಒಪ್ಪ ಪ್ರತಿ. ಇದು ಮನೆಮನೆ ತಿರುಗುವಾಗ ಬರೆದುಕೊಂಡ ಕರಡು. ಮೇಲ್ವಿಚಾರಕರು ನೋಡಿ ರುಜು ಹಾಕಿದ ಮೇಲೆ ಒಪ್ಪ ಪ್ರತಿ ಬರೆಯುವ ಪದ್ಧತಿ. 1951ರ ಫೆಬ್ರವರಿ ಒಂಬತ್ತಕ್ಕೆ ಶುರು. ಆಗ ನನಗೆ ಎಂಟು ವರ್ಷ. ಬೆಳಿಗ್ಗೆ ಹೋದರೆ ತಂದೆ ದೀಪ ಹಚ್ಚಿದ ಮೇಲೇ ಬರುತ್ತಿದ್ದರು ಅನ್ನುವುದಷ್ಟೇ ನೆನಪು. ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿದೆ. ನಾಲ್ಕು ಪುಟದ ಫೋಟೋ ಜತೆಗಿದೆ.

ಹದಿನೇಳನೆಯ ಪುಟದಲ್ಲಿ ಕೆಳಬೆಟ್ಟು ಮನೆ. ಕಾಂತಣ್ಣ ಇದ್ದಾರೆ, ವಯಸ್ಸು ನಲವತ್ತು, ಬೇಸಾಯ. ಅವರ ತಾಯಿ ಇದ್ದಾರೆ, ಇಬ್ಬರು ತಂಗಿಯರಿದ್ದಾರೆ, ತಂಗಿಯರ ಮಕ್ಕಳು ಐದು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಎರಡು ಸಲ ಭೂತಗನ್ನಡಿ ಹಿಡಿದು ನೋಡಿದೆ. ಬೇರೆ ಯಾರನ್ನೋ ನಿಮ್ಮ ಮುತ್ತಜ್ಜ ಅಂತ ಹೇಳಿಕೊಂಡು ಬಂದಿರಬಹುದು ಅಂತ ನನ್ನ ಅನುಮಾನ. ಮನೆಮನೆಯ ಕತೆಗಳಲ್ಲಿ ಹೀಗಾಗುವುದುಂಟು. ಬೇಸರ ಮಾಡಿಕೊಳ್ಳಬೇಡಿ.

ಬಾಣಂತಿ ರಾತ್ರಿ ಎದ್ದು ಕೂತು ಪತ್ರ ಬರೆಯಬಾರದು.

ಇತಿ,
ವೆಂಕಟರಾಮಯ್ಯ


ಅಲ್ ಮುರಕ್ಕಬಾತ್, ದುಬೈ
25 ಜನವರಿ 2025

ಮಾನ್ಯರೇ,

ನಿಮ್ಮ ಪತ್ರ ಓದಿ ಒಂದು ದಿನ ಪೂರ್ತಿ ಅತ್ತೆ. ಮರುದಿನ ಪೂರ್ತಿ ನಕ್ಕೆ. ನಗಿಸಿದ್ದು ನನ್ನ ಅತ್ತೆ. ಲೋಲಾಕ್ಷಿ ಮಾಮಿ ಎನ್ನುತ್ತೇವೆ. ಬಾಣಂತನ ಮಾಡಲೆಂದು ವಿಸಿಟ್ ವೀಸಾದಲ್ಲಿ ಬಂದಿದ್ದಾರೆ. ಬರುವಾಗ ಎರಡು ಲೀಟರು ತೆಂಗಿನೆಣ್ಣೆ, ಬಾಣಂತಿ ಲೇಹ್ಯ ಮತ್ತು ನನ್ನ ಬಗ್ಗೆ ಹಳೆಯ ಅಭಿಪ್ರಾಯಗಳನ್ನು ತಂದಿದ್ದಾರೆ.

ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಕಾಂತಣ್ಣನ ಮನೆಯಲ್ಲಿ ಹೆಂಡತಿಯೇ ಇಲ್ಲವಂತೆ ಎಂದು ಹೇಳಿದೆ. ಕೈ ನಿಲ್ಲಿಸಿದರು.

"ಎಂ.ಎಸ್ಸಿ. ಮಾಡಿದ್ದು ನೀನೇ ಅಲ್ವಾ?"

"ಹೌದು ಮಾಮಿ."

"ಆ ಅಬುಧಾಬಿ ಅಜ್ಜ ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದವರು ಅಂತ ಹೇಳಿದ್ದು?"

"ಹೌದು."

"ಇಬ್ಬರೂ ಸೇರಿ ಅಳಿಯಕಟ್ಟಿನ ಹೆಂಗಸನ್ನು ಗಂಡನ ಮನೆಯಲ್ಲಿ ಹುಡುಕಿದ್ದಾ? ಅವಳು ಅಲ್ಲಿ ಎಂತಕ್ಕೆ ಇರ್ತಾಳೆ ಮಾರಾಯ್ತಿ? ಅವಳಿಗೆ ಅವಳ ತಾಯಿಮನೆ ಇಲ್ವಾ? ಗಂಡ ಅನ್ನುವವ ರಾತ್ರಿ ಊಟಕ್ಕೆ ಬರುದು, ಬೆಳಿಗ್ಗೆ ಎದ್ದು ಅವನ ತಾಯಿಮನೆ ಗದ್ದೆಗೆ ಹೋಗುದು. ನನ್ನ ಅಜ್ಜನೂ ಹಾಗೇ. ಕೊಡೆ ಹಿಡ್ಕೊಂಡು ಬರ್ತಿದ್ರು, ಕೊಡೆ ಹಿಡ್ಕೊಂಡು ಹೋಗ್ತಿದ್ರು. ಪಾದೆಮನೆ ಯಜಮಾನ್ತಿ ಅಂತ ನೀನೇ ದಿನಕ್ಕೆ ಹತ್ತು ಸಲ ಹೇಳ್ತೀಯಲ್ಲ, ಪಾದೆಮನೆಯಲ್ಲಿ ಹುಡುಕಲಿಕ್ಕೆ ಎಂತ ಧಾಡಿ?"

ನೋಡಿ! ಬಳ್ಳಿ ತಾಯಿಯದು ಎಂದು ಬಾಯಿಪಾಠ ಮಾಡಿದವಳಿಗೆ, ಆ ತಾಯಿ ಯಾವ ಮನೆಯಲ್ಲಿ ಅನ್ನ ಬೇಯಿಸುತ್ತಿದ್ದಳು ಎಂಬುದು ಹೊಳೆಯಲಿಲ್ಲ. ನಿಮಗೆ ನಮ್ಮ ಕ್ರಮ ಹೊಸದಿರಬಹುದು. ನಮ್ಮ ಕಡೆ ಆಸ್ತಿ, ಮನೆ, ಮಕ್ಕಳು ಎಲ್ಲ ತಾಯಿಯ ಕಡೆಗೆ. ಅದಕ್ಕೆ ಅಳಿಯಕಟ್ಟು ಎನ್ನುತ್ತಾರೆ. ಮದುವೆಯಾದರೂ ಹೆಂಗಸು ಹುಟ್ಟಿದ ಮನೆಯಲ್ಲೇ ಇರುವುದು ಹೆಚ್ಚು. ಕಾಂತಣ್ಣ ನಮ್ಮ ಮುತ್ತಜ್ಜನೇ, ಅನುಮಾನ ಬೇಡ. ಅವರು ತಮ್ಮ ತಾಯಿಯ ಮನೆಯ ಪುಟದಲ್ಲಿದ್ದಾರೆ, ಅಷ್ಟೇ.

ಒಂದು ಮಾತು ಹೇಳಲಾ? ಆಸ್ಪತ್ರೆಯಲ್ಲಿ ಮಗುವಿನ ಕೈಗೆ ಕಟ್ಟಿದ ಪಟ್ಟಿಯಲ್ಲಿ "ಬೇಬಿ ಆಫ್ ಅಶ್ಮಿತಾ" ಎಂದು ಬರೆದಿದ್ದರು. ಮಾಮಿ ಅದನ್ನು ಕತ್ತರಿಸಿ ಎಸೆಯಲು ಬಿಡಲಿಲ್ಲ. "ಈ ದೇಶದವರಿಗಾದರೂ ನಮ್ಮ ಕ್ರಮ ಗೊತ್ತುಂಟು" ಎಂದರು.

ಪಾದೆಮನೆಯ ಪುಟ ನೋಡಿ. ಕೊರಿಯರಿನಲ್ಲಿ ಒಂದು ಡಬ್ಬಿ ಲೇಹ್ಯ ಕಳಿಸುತ್ತಿದ್ದೇನೆ. ಮುದುಕರೂ ತಿನ್ನಬಹುದಂತೆ. ಇದು ಮಾಮಿಯ ಮಾತು, ನನ್ನದಲ್ಲ.

ಅಶ್ಮಿತಾ


ಖಲೀಫಾ ಸಿಟಿ
30 ಜನವರಿ 2025

ಚಿ. ಸೌ. ಅಶ್ಮಿತಾಳಿಗೆ,

ಲೇಹ್ಯ ತಲುಪಿತು. ನಿಮ್ಮ ಅತ್ತೆಯವರಿಗೆ ವಂದನೆ ತಿಳಿಸಿ.

ಪಾದೆಮನೆಯ ಪುಟ ಪುಸ್ತಕದಲ್ಲಿಲ್ಲ. ನಲವತ್ತೊಂದರ ನಂತರ ನಲವತ್ತಮೂರು. ಎಪ್ಪತ್ತನಾಲ್ಕು ವರ್ಷದ ಹೊಲಿಗೆ, ದಾರ ಸಡಿಲವಾಗಿದೆ.

ಮಗುವಿಗೆ ಚೆನ್ನಾದ ಒಂದು ಹೆಸರಿಡಿ. ಹೆಸರಿಗೇನು ಬರವೇ? ಸತ್ತವರ ಹೆಸರಿಗೆ ಇಷ್ಟು ಜೋತುಬೀಳುವುದೂ ಒಳ್ಳೆಯದಲ್ಲ.

ವೆಂಕಟರಾಮಯ್ಯ


ಅಲ್ ಮುರಕ್ಕಬಾತ್, ದುಬೈ
3 ಫೆಬ್ರವರಿ 2025

ಮಾನ್ಯರೇ,

ನಿಮ್ಮ ಪತ್ರ ಚಿಕ್ಕದಿತ್ತು. ನನ್ನಿಂದ ತೊಂದರೆಯಾಗಿದೆ ಎಂದು ಗೊತ್ತಾಯಿತು. ನಿಮ್ಮ ವಯಸ್ಸಿನವರನ್ನು ಭೂತಗನ್ನಡಿ ಹಿಡಿದು ಕೂರಿಸಿದ್ದು ನನ್ನ ತಪ್ಪು. ಕ್ಷಮಿಸಿ.

ದಾರ ಸಡಿಲವಾಗಿ ಒಂದೇ ಒಂದು ಹಾಳೆ ಹೋಗಬೇಕಿದ್ದರೆ ಅದು ನಮ್ಮದೇ ಆಗಬೇಕಿತ್ತಾ ಎಂದು ಎರಡು ರಾತ್ರಿ ಯೋಚಿಸಿದೆ. ಮಗುವಿಗೆ ಸ್ವಲ್ಪ ಕಾಮಾಲೆ ಇತ್ತು, ಈಗ ಇಳಿದಿದೆ. ಬಿಲಿರುಬಿನ್ ಎಷ್ಟು ಎಂದು ಡಾಕ್ಟರು ಹೇಳಿದ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ತಿಲಕ್ ನಗುತ್ತಾರೆ. ನನಗೆ ಏನನ್ನೂ ಬರೆದಿಡದೆ ಬಿಡಲು ಹೆದರಿಕೆ. ಒಂದು ಹೆಂಗಸು ಒಂದಿಡೀ ಮನೆ ನಡೆಸಿ, ಮಕ್ಕಳನ್ನು ಹೆತ್ತು, ಊರೇ ತಲೆತಗ್ಗಿಸುವ ಹಾಗೆ ಬಾಳಿದಳು. ಮೂರೇ ತಲೆಮಾರಿಗೆ ಅವಳು ಒಂದು ಪೆನ್ಸಿಲ್ ಗುರುತಾದಳು.

ಮಾಮಿ ನಿನ್ನೆ, "ನಿಮ್ಮ ಕಡೆಯವರು ಹೆಸರು ಹೇಳಲಿಕ್ಕೂ ಜಿಪುಣರು" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಂದು, "ಹನ್ನೆರಡರವರೆಗೆ ಕಾಯುವ, ಆಮೇಲೆ ಯಶ್ವಿ. ಅಳ್ಬೇಡ, ಹಾಲು ಬತ್ತುತ್ತದೆ" ಎಂದು ನನ್ನ ಬೆನ್ನು ತಟ್ಟಿದರು.

ನೀವು ಕಳಿಸಿದ ನಾಲ್ಕು ಪುಟಗಳನ್ನು ಈಗಲೂ ತೆಗೆದು ನೋಡುತ್ತೇನೆ. ನಿಮ್ಮ ತಂದೆಯವರ ಅಕ್ಷರ ನಿಜವಾಗಿಯೂ ಮುತ್ತು. ಆ ಕೈ ಒಮ್ಮೆಯಾದರೂ ನಮ್ಮಜ್ಜಿಯ ಹೆಸರನ್ನು ಇಷ್ಟು ಚಂದವಾಗಿ ಬರೆದಿತ್ತು. ಪುಟ ಕಳೆದುಹೋದರೂ ಬರೆದದ್ದು ಸುಳ್ಳಾಗುವುದಿಲ್ಲ. ಅಷ್ಟು ಸಾಕು ಎಂದುಕೊಳ್ಳುತ್ತೇನೆ. ನಿಮಗೂ ನಿಮ್ಮ ತಂದೆಯವರ ನೆನಪಿಗೂ ನನ್ನ ನಮಸ್ಕಾರ.

ಅಶ್ಮಿತಾ


ಖಲೀಫಾ ಸಿಟಿ
10 ಫೆಬ್ರವರಿ 2025

ತಾಯಿ ಅಶ್ಮಿತಾ,

ನಿಮ್ಮ ಪತ್ರ ಬಂದು ಏಳು ದಿನವಾಯಿತು. ಕೊನೆಯ ನಾಲ್ಕು ಸಾಲು ಓದಿದ ಮೇಲೆ ನನಗೆ ಊಟ ಸೇರಿಲ್ಲ. ಹಿತಾ ಬಂದು, "ತಾತ, ವಾಟ್ ಡಿಡ್ ಯು ಡೂ?" ಅಂದಳು. ಮಕ್ಕಳಿಗೆ ಮುಖ ನೋಡಿದರೆ ಗೊತ್ತಾಗಿಬಿಡುತ್ತೆ.

ಪುಟ ಕಳೆದಿರಲಿಲ್ಲ. ದಾರ ಸಡಿಲವಾಗಿದ್ದದ್ದು ನಿಜ. ಹಾಳೆಯನ್ನು ತೆಗೆದು ಪಂಚಾಂಗದೊಳಗೆ ಮಡಿಸಿಟ್ಟವನು ನಾನು. ನಿಮ್ಮ ಎರಡನೆಯ ಪತ್ರ ಬಂದ ದಿನವೇ ಅದು ನನ್ನ ಕೈಗೆ ಸಿಕ್ಕಿತ್ತು.

ಈಗ ಹಿತಾ ಕೈಲಿ ಅದರ ಫೋಟೋ ಕಳಿಸುತ್ತಿದ್ದೇನೆ. ನೀವೇ ನೋಡುತ್ತೀರಿ. ಆದರೂ ನನ್ನ ಕೈಯಿಂದಲೇ ಬರೆದು ಒಪ್ಪಿಸಬೇಕು.

ಪಾದೆಮನೆ. ಮೊದಲ ಭೇಟಿ ಹನ್ನೊಂದನೆಯ ತಾರೀಕು. ಮನೆಯ ಯಜಮಾನ ಅನ್ನುವ ಕಡೆ ತಂದೆಯವರು "ಕಾಂತಣ್ಣ" ಅಂತ ಬರೆದು, ಆಮೇಲೆ ಹೊಡೆದುಹಾಕಿದ್ದಾರೆ. ಅದರ ಮೇಲೆ "ತುಂಗಮ್ಮ, ಹೆಂಗಸು, ವಯಸ್ಸು 34, ವಿವಾಹಿತೆ, ಸ್ವಂತ ಬೇಸಾಯ" ಅಂತಿದೆ. ಆಕೆಯ ತಮ್ಮ ಬೊಂಬಾಯಿಯ ಹೋಟೆಲಿನಲ್ಲಿ. ಮಗಳು ಸುಶೀಲ, ವಯಸ್ಸು 9. ನನಗಿಂತ ಒಂದು ತರಗತಿ ಮುಂದಿದ್ದಿರಬೇಕು. ನೆನಪಿಲ್ಲ.

ನಿಮ್ಮ ಮುತ್ತಜ್ಜಿಯ ಹೆಸರು ತುಂಗಮ್ಮ.

ಇನ್ನು ಅಂಚಿನಲ್ಲಿರುವುದು. ಅದೇ ಹನ್ನೊಂದನೆಯ ತಾರೀಕು ಹಾಕಿ ತಂದೆಯವರು ಸಣ್ಣಕ್ಷರದಲ್ಲಿ ಹೀಗೆ ಬರೆದಿದ್ದಾರೆ: "ಬಾಯಿ ಬಹಳ ಜೋರು. ಗಂಡಸಿನ ಹೆಸರು ಬರೆದದ್ದಕ್ಕೆ ಪುಸ್ತಕ ಕಿತ್ತುಕೊಳ್ಳಲು ಬಂದಳು. ಗಂಡ ಬೇರೆ ಮನೆಯಲ್ಲಿ. ನಡತೆ ದೇವರಿಗೇ ಗೊತ್ತು." ಅದರ ಕೆಳಗೆ ನಿಮ್ಮಜ್ಜಿಯದೇ ಕೈಯಲ್ಲಿ ದಪ್ಪಗೆ "ತುಂಗಮ್ಮ" ಅಂತ ರುಜು. ಮುಂದೆ ಹದಿನೆಂಟನೆಯ ತಾರೀಕು ತಂದೆಯವರು, "ಓದು ಬರಹ: ಓದಿಸಿ ನೋಡಿದೆ. ಸರಾಗ" ಅಂತ ಬರೆದಿದ್ದಾರೆ.

ಒಬ್ಬ ಮನೆತನಸ್ಥ ಹೆಂಗಸಿನ ನಡತೆಯ ಮೇಲೆ ನಮ್ಮ ತಂದೆ ಹೀಗೆ ಬರೆದರು. ಮೇಷ್ಟ್ರಾಗಿದ್ದವರು! ಅದು ನಿಮ್ಮ ಕಣ್ಣಿಗೆ ಬೀಳಬಾರದು ಅನ್ನುವ ಆಸೆಗೆ ನಾನು ಸುಳ್ಳು ಹೇಳಿದೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಅದೇ ವರ್ಷ ಜೂನಿನಲ್ಲಿ ತಂದೆಗೆ ದಿಢೀರನೆ ವರ್ಗವಾಗಿ ಆ ಊರು ಬಿಟ್ಟೆವು. "ಆ ಪಾದೆಮನೆ ಹೆಂಗಸಿನ ದೆಸೆಯಿಂದ ಊರು ಬಿಡೋ ಹಾಗಾಯ್ತು" ಅಂತ ನಮ್ಮ ತಾಯಿ ಸಾಯುವವರೆಗೂ ಗೊಣಗಿದರು. ಆಕೆ ನಮ್ಮ ತಂದೆಯ ಮೇಲೆ ದೂರು ಕೊಟ್ಟಿರಬೇಕು ಅಂತ ನಾನು ಜೀವಮಾನವೆಲ್ಲ ನಂಬಿಕೊಂಡಿದ್ದೆ. ನಿಮ್ಮ ಪತ್ರದಲ್ಲಿ ಆ ಮನೆಯ ಹೆಸರು ಕಂಡಾಗ ಹಳೆಯ ಸಿಟ್ಟೂ ಬಂತು. ಸಿಟ್ಟು ಮೊದಲೋ ನಾಚಿಕೆ ಮೊದಲೋ, ಎಂಬತ್ತೆರಡನೆಯ ವಯಸ್ಸಿನಲ್ಲಿ ಬೇರ್ಪಡಿಸಲು ನನಗೆ ಆಗುತ್ತಿಲ್ಲ.

ದಯವಿಟ್ಟು ಇನ್ನು ನನಗೆ ಬರೆಯಬೇಡಿ. ಫೋನೂ ಮಾಡಬೇಡಿ, ನಾನು ಎತ್ತುವುದಿಲ್ಲ. ನಿಮ್ಮ ಮಗುವಿಗೆ ಆಯುಸ್ಸು ಆರೋಗ್ಯ ಇರಲಿ.

ವೆಂಕಟರಾಮಯ್ಯ


ಅಲ್ ಮುರಕ್ಕಬಾತ್, ದುಬೈ
12 ಫೆಬ್ರವರಿ 2025, ರಾತ್ರಿ ಎರಡೂವರೆ

ಅಜ್ಜಾ,

ಬರೆಯಬೇಡಿ ಎಂದಿರಿ. ಬರೆಯುತ್ತಿದ್ದೇನೆ. ಬಾಯಿ ಜೋರಿನ ಸಂತತಿ, ಏನು ಮಾಡುವುದು?

ನಿಮ್ಮ ಪತ್ರದ ಫೋಟೋ ನಿನ್ನೆ ಸಂಜೆ ಬಂತು. ಮೊದಲು ನಿಮ್ಮ ಪತ್ರ ಓದಲಿಲ್ಲ, ಪುಟವನ್ನೇ ತೆರೆದೆ. "ತುಂಗಮ್ಮ." ಜೋರಾಗಿ ಓದಿದೆ. ಅಡುಗೆಮನೆಯಿಂದ ಮಾಮಿ "ಯಾರು?" ಎಂದರು. "ನಮ್ಮ ಯಜಮಾನ್ತಿ" ಎಂದೆ. ಮತ್ತೆ ಓದಿದೆ, ಮತ್ತೆ ಓದಿದೆ. ನಮ್ಮ ಕುಟುಂಬದಲ್ಲಿ ಒಬ್ಬರು ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. ಅಮ್ಮ ಇರಬೇಕಿತ್ತು. ಅದೊಂದೇ ಸಂಕಟ. ಉಳಿದದ್ದೆಲ್ಲ ಹೆಮ್ಮೆ, ಅಜ್ಜಾ. ಮೂವತ್ತನಾಲ್ಕು ವರ್ಷದ ಹೆಂಗಸು, ಸರ್ಕಾರದ ಪುಸ್ತಕ ಹಿಡಿದು ಬಂದವರ ಎದುರು ನಿಂತು, ಈ ಮನೆ ನನ್ನದು, ನನ್ನ ಹೆಸರು ಬರೆಯಿರಿ ಎಂದಳು. ಅಷ್ಟಕ್ಕೂ ಸಮಾಧಾನವಾಗದೆ ತಾನೇ ಪೆನ್ನು ಇಸಿದುಕೊಂಡು ರುಜು ಹಾಕಿದಳು. ಆ ರುಜು ನೋಡಿದಿರಾ? ಕಾಗದ ಹರಿಯುವಷ್ಟು ಒತ್ತಿ ಬರೆದಿದ್ದಾಳೆ.

ಅಂಚಿನ ಸಾಲನ್ನೂ ಓದಿದೆ. ಸುಳ್ಳು ಯಾಕೆ ಹೇಳಲಿ, ಒಂದು ಕ್ಷಣ ಮೈ ಉರಿಯಿತು. ಮಾಮಿಗೆ ಓದಿ ಹೇಳಿದೆ. "ಬಾಯಿ ಬಹಳ ಜೋರು" ಎಂಬಲ್ಲಿಗೆ ಅವರು ನನ್ನ ಮುಖ ನೋಡಿ, "ಅದಾದರೂ ನಿನಗೆ ಬಂತಲ್ಲ" ಎಂದರು. ಮುಂದಿನ ಸಾಲಿಗೆ ನಗಲಿಲ್ಲ. ಹೀಗೆ ಹೇಳಿದರು: "ಘಟ್ಟದ ಮೇಲಿನ ಮೇಷ್ಟ್ರಿಗೆ ನಮ್ಮ ಕ್ರಮ ಗೊತ್ತಿರಲಿಲ್ಲ. ಗೊತ್ತಿಲ್ಲದ ದಿನ ಯಾರೂ ಹಾಗೇ ಬರೆಯುದು. ಗೊತ್ತಾದ ಮೇಲೆ ಎಂತ ಬರೆದ್ರು? ಅದು ನೋಡು."

ನೋಡಿದೆ. ಮಗುವನ್ನು ಎದೆಗೆ ಹಾಕಿಕೊಂಡು, ಒಂದು ಕೈಯಲ್ಲಿ ಫೋನು ಹಿಡಿದು, ಪುಟವನ್ನು ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟು ದೊಡ್ಡದು ಮಾಡಿ, ಒಂದೊಂದೇ ಅಂಗುಲ ಸರಿಸಿದೆ. ಕೆಳಗಿನ ಬಲಮೂಲೆಯಲ್ಲಿ, ಮಡಿಕೆಯ ಮೇಲೆ, ಕೆಂಪು ಶಾಯಿಯಲ್ಲಿ ಇಂಗ್ಲಿಷಿನ ಮೂರು ಸಾಲು ಉಂಟು. ಮಾಸಿ ಮಾಸಿ ಕಾಗದದ ಬಣ್ಣಕ್ಕೇ ತಿರುಗಿದೆ. ಭೂತಗನ್ನಡಿಗೆ ಸಿಕ್ಕಿರಲಿಕ್ಕಿಲ್ಲ. ನಾನು ಫೋಟೋದ ಬಣ್ಣ ಬದಲಿಸಿ ಓದಿದೆ. ಮೇಲ್ವಿಚಾರಕರ ಟಿಪ್ಪಣಿ, ತಾರೀಕು ಇಪ್ಪತ್ತಾರು. ಕನ್ನಡದಲ್ಲಿ ಬರೆಯುತ್ತೇನೆ, ಓದಿ:

"ಗಂಡ ಬದುಕಿರುವಾಗ ಹೆಂಗಸನ್ನು ಮನೆಯ ಯಜಮಾನಿ ಎಂದು ಬರೆದದ್ದನ್ನು ತಿದ್ದಲು ಮೂರು ಸಲ ಹೇಳಲಾಯಿತು. ಎಣಿಕೆದಾರ ನಂಜುಂಡಯ್ಯ ಒಪ್ಪಲಿಲ್ಲ. ಕಂಡದ್ದನ್ನು ಬರೆದಿದ್ದೇನೆ, ಅಳಿಸಲಾರೆ ಎನ್ನುತ್ತಾರೆ. ಮೇಲಿನವರಿಗೆ ವರದಿ ಮಾಡಲಾಗಿದೆ."

ಮೂರು ಸಲ, ಅಜ್ಜಾ. ಹನ್ನೊಂದನೆಯ ತಾರೀಕು ಸಿಟ್ಟಿನಲ್ಲಿ ಬೈದು ಬರೆದವರು ಹದಿನೆಂಟಕ್ಕೆ ಮತ್ತೆ ಆ ಮನೆಗೆ ಹೋಗಿ ಅವಳಿಂದ ಓದಿಸಿದ್ದಾರೆ. ಇಪ್ಪತ್ತಾರಕ್ಕೆ ತಮ್ಮ ಮೇಲಿನವರ ಎದುರು ಅವಳ ಪರವಾಗಿ ನಿಂತಿದ್ದಾರೆ. ಜೂನಿನ ವರ್ಗಕ್ಕೆ ಇದೇ ಕಾರಣ ಎಂದು ನಾನು ಆಣೆ ಮಾಡಲಾರೆ. ಆದರೆ ನಿಮ್ಮ ತಾಯಿ "ಆ ಹೆಂಗಸಿನ ದೆಸೆಯಿಂದ" ಎಂದದ್ದು ನಿಜವೇ ಇರಬೇಕು. ನೀವು ತಿಳಿದುಕೊಂಡ ಹಾಗೆ ಮಾತ್ರ ಇರಲಿಕ್ಕಿಲ್ಲ. ಅವಳು ದೂರು ಕೊಟ್ಟದ್ದಕ್ಕೆ ಅಲ್ಲ. ಅವಳ ಹೆಸರನ್ನು ಅಳಿಸದೆ ಇದ್ದದ್ದಕ್ಕೆ. ನಿಮ್ಮ ತಂದೆ ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲವೆಂದು ಕಾಣುತ್ತದೆ. ಹೇಳಿಕೊಳ್ಳುವ ಜನ ಅವರಾಗಿರಲಿಲ್ಲವೋ ಏನೋ. ಪುಸ್ತಕ ಮಾತ್ರ ಎಸೆಯದೆ ಇಟ್ಟುಕೊಂಡರು. ನೀವು ಸ್ವೆಟರು ಬಿಟ್ಟು ಅದನ್ನು ಈ ಮರಳುಗಾಡಿಗೆ ಹೊತ್ತು ತಂದಿರಿ.

ನೀವು ನಾಚಿಕೆಪಡುತ್ತಿರುವ ಆ ಪುಟವನ್ನು ನಾನು ಕಟ್ಟುಹಾಕಿಸಿ ಗೋಡೆಗೆ ಹಾಕುತ್ತೇನೆ. ಬೈಗುಳ ಸಮೇತ. ನನ್ನ ಮಗಳು ದೊಡ್ಡವಳಾಗಿ ಕೇಳಿದರೆ ಎರಡು ಹೆಸರು ತೋರಿಸುತ್ತೇನೆ: ಬರೆಸಿದವಳದ್ದು ಮತ್ತು ಬರೆದವರದ್ದು.

ಈಗ ಮುಖ್ಯ ವಿಷಯ. ಇವತ್ತು ಹನ್ನೆರಡು. ತಿಲಕ್ ಏಳೂವರೆಗೆ ಅರ್ಜಿ ಹಿಡಿದು ಹೊರಡುತ್ತಾರೆ. ಹೆಸರಿನ ಜಾಗದಲ್ಲಿ ಅವರೇ "ತುಂಗಮ್ಮ" ಎಂದು ಬರೆದು ಮೇಜಿನ ಮೇಲಿಟ್ಟಿದ್ದಾರೆ. ಮಾಮಿಯೂ ಒಪ್ಪಿದರು. "ಯಶ್ವಿ ಹೋದರೆ ಹೋಗ್ಲಿ, ಆ ಸಂಖ್ಯೆಯವನಿಗೆ ನಾನು ಹೇಳ್ತೇನೆ" ಎಂದರು. ಆದರೆ ಒಂದು ತಕರಾರು ಎತ್ತಿದ್ದಾರೆ, ಅದು ನ್ಯಾಯವಾದದ್ದೇ. ಕಾಗದ ಕಚೇರಿಗೆ ಹೋಗುವ ಮೊದಲು ಹೆಸರನ್ನು ಮಗುವಿನ ಕಿವಿಯಲ್ಲಿ ಕರೆಯಬೇಕು. ಕರೆಯಬೇಕಾದವರು ತಾಯಿಯ ಕಡೆಯ ಹಿರಿಯರು. "ನಿನ್ನ ಕಡೆ ಯಾರಿದ್ದಾರೆ?" ಎಂದು ಕೇಳಿದರು. ಅಮ್ಮ ಇಲ್ಲ. ಅಣ್ಣತಮ್ಮಂದಿರಿಲ್ಲ, ಸೋದರಮಾವ ಎಂಬವರು ನನಗೆ ಇಲ್ಲವೇ ಇಲ್ಲ. ಯೋಚಿಸಿ ನೋಡಿದೆ. ಈ ಹೆಸರನ್ನು ಎಪ್ಪತ್ತನಾಲ್ಕು ವರ್ಷ ಕಾದವರು ನಿಮ್ಮ ಮನೆಯವರು. ನಮ್ಮ ಮನೆಯಲ್ಲಿ ಕಳೆದುಹೋದದ್ದು ನಿಮ್ಮ ಮನೆಯಲ್ಲಿ ಉಳಿದಿತ್ತು. ಮಾಮಿಗೆ ಹೇಳಿದೆ. "ಬ್ರಾಹ್ಮಣರು ನಮ್ಮ ಮಗುವಿಗೆ ಸೋದರಮಾವನ ಸ್ಥಾನದಲ್ಲಿ ನಿಲ್ತಾರಾ?" ಎಂದರು. "ಕೇಳಿ ನೋಡುತ್ತೇನೆ" ಎಂದೆ.

ಕೇಳುತ್ತಿದ್ದೇನೆ.

ನಾನು ಫೋನ್ ಮಾಡಿದರೆ ನೀವು ಎತ್ತುವುದಿಲ್ಲ ಎಂದಿದ್ದೀರಿ. ಬಾಣಂತಿ, ಅಬುಧಾಬಿಗೆ ಓಡಿ ಬರುವ ಹಾಗೂ ಇಲ್ಲ. ನೀವು ನಾಲ್ಕೂವರೆಗೆ ಏಳುತ್ತೀರೆಂದು ಹಿತಾ ಹೇಳಿದ್ದಾಳೆ. ಇದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ನಿಮ್ಮ ಕನ್ನಡಕದ ಕೆಳಗೆ ಇಡಲು ಅವಳಿಗೆ ಈಗಲೇ ಸಂದೇಶ ಹಾಕಿದೆ. "ಡನ್, ಅಕ್ಕಾ" ಎಂದು ಉತ್ತರ ಬಂತು. ಅವಳೂ ಮಲಗಿಲ್ಲ.

ಮಗು ಈಗ ನಿದ್ದೆಯಲ್ಲಿದೆ. ಮೂರು ಸಲ ಉಸಿರು ನೋಡಿದೆ. ನೀವು ಕರೆಯುವವರೆಗೆ ನಾವ್ಯಾರೂ ಅವಳನ್ನು ಆ ಹೆಸರಿನಿಂದ ಕರೆಯುವುದಿಲ್ಲವೆಂದು ಮಾಮಿ, ತಿಲಕ್, ನಾನು ಮೂವರೂ ಬಾಯಿ ಕಟ್ಟಿಕೊಂಡು ಕೂತಿದ್ದೇವೆ. ಫೋನನ್ನು ಅವಳ ಬಲಕಿವಿಗೆ ಹಿಡಿಯುತ್ತೇನೆ. ಮೂರು ಸಲ ಹೆಸರು ಹೇಳಿದರೆ ಸಾಕು. ಬೇರೆ ಒಂದು ಮಾತೂ ಆಡಬೇಕಾಗಿಲ್ಲ, ನನ್ನ ಜತೆ ಮಾತಾಡದಿದ್ದರೂ ಆದೀತು. ಬೆಳಗಾಗುವ ಮೊದಲು ಒಂದು ಫೋನ್ ಮಾಡಿ ಅಜ್ಜಾ. ಏಳೂವರೆಯೊಳಗೆ. ಕಾಲಿಗೆ ಬೀಳುತ್ತೇನೆ, ಮಾಡಿ.